ಮುಖವಾಡ ಕಳಚಿಡಲು ಹೊರಟವನ ಕಥೆ ಬರೆಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

1967ರ ಜುಲೈ ತಿಂಗಳ ಹೆಸರಿನಲ್ಲಿ ಹೊರಬಂದ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ ಕಾಮಿಕ್ಸ್‌ನ 50ನೆಯ ಸಂಚಿಕೆಯಲ್ಲಿ, ಮಳೆ ಸುರಿಯುತ್ತಿರುವ ರಾತ್ರಿಯೊಂದರಲ್ಲಿ, ಸ್ಪೈಡರ್-ಮ್ಯಾನ್ ಆಗಿ ಗುಟ್ಟಾಗಿ ಊರು ಕಾಯುವ ಪೀಟರ್ ಪಾರ್ಕರ್ ಎಂಬ ಕಾಲೇಜು ಹುಡುಗ ತನ್ನ ಕೆಂಪು ನೀಲಿ ವೇಷವನ್ನು ನ್ಯೂಯಾರ್ಕಿನ ಓಣಿಯೊಂದರ ಕಸದ ಡಬ್ಬಿಯಲ್ಲಿ ಬಿಟ್ಟು, ತಲೆ ತಗ್ಗಿಸಿ, ಬೆನ್ನು ತಿರುಗಿಸಿ ನಡೆದುಹೋಗುತ್ತಾನೆ. ಸ್ಟಾನ್ ಲೀ ಬರೆದ ಕಥೆಗೆ ಜಾನ್ ರೊಮಿಟಾ ಬರೆದ ಈ ಚಿತ್ರ ಎಷ್ಟು ಆಳವಾಗಿ ಬೇರೂರಿತೆಂದರೆ, 2004ರಲ್ಲಿ ಸ್ಯಾಮ್ ರೈಮಿ ಎರಡನೆಯ ‘ಸ್ಪೈಡರ್-ಮ್ಯಾನ್’ ಚಿತ್ರವನ್ನು ನಿರ್ದೇಶಿಸಿದಾಗ ಅದನ್ನು ಹೆಚ್ಚುಕಡಿಮೆ ಹಾಗೆಯೇ ತೆರೆಯ ಮೇಲೆ ತಂದರು. ಲೋಕವನ್ನು ಕಾಯುವವನು ಲೋಕ ಬೇಡವೆಂದು ಮನೆಯ ಕಡೆ ಮುಖ ಮಾಡುವ ಕಥೆಗಳನ್ನು ಬರೆಯುವವರಿಗೆ ಇಂದಿಗೂ ಇವೆರಡೇ ಮುಖ್ಯ ಮಾದರಿಗಳು.

ಇಂಥ ಕಥೆಯನ್ನು ಬರೆಯಲು ಹೊರಟವರು ಸಾಮಾನ್ಯವಾಗಿ ಒಂದು ತಪ್ಪು ತಿಳಿವಳಿಕೆಯಿಂದ ಆರಂಭಿಸುತ್ತಾರೆ. ನಾಯಕನ ಆಸೆಯನ್ನು ಅವರು ದೌರ್ಬಲ್ಯವೆಂದು ಭಾವಿಸುತ್ತಾರೆ. ಆದ್ದರಿಂದ ಅವನು ದಾರಿ ತಪ್ಪುತ್ತಾನೆ, ಬುದ್ಧಿ ಕಲಿಯುತ್ತಾನೆ, ಹಿಂದಿರುಗುತ್ತಾನೆ. ಇದು ನೀತಿಪಾಠವಾಗಬಹುದು, ಕಥೆಯಾಗುವುದಿಲ್ಲ. ತ್ಯಾಗಿಯಾದವನು ತನ್ನದನ್ನಷ್ಟೇ ಕೊಡುತ್ತಿಲ್ಲ, ತನ್ನನ್ನು ನಂಬಿದವರ ಪಾಲನ್ನೂ ತೆಗೆದು ಕೊಡುತ್ತಿದ್ದಾನೆ ಎಂಬುದನ್ನು ಒಪ್ಪಿಕೊಂಡಾಗ ಮಾತ್ರ ಈ ವಸ್ತುವಿಗೆ ಜೀವ ಬರುತ್ತದೆ. ಕನ್ನಡದ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ, ಏಕೆಂದರೆ ನಾವೆಲ್ಲರೂ ಬಾಲ್ಯದಲ್ಲಿಯೇ ಪುಣ್ಯಕೋಟಿಯ ಕಥೆಯನ್ನು ಕೇಳಿ ಕಣ್ಣೀರು ಹಾಕಿದವರು. ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಹಸು ಹೊರಟು ನಿಂತಾಗ, ಇನ್ನು ಯಾರ ಹಾಲು ಕುಡಿಯಲಿ, ಯಾರ ಮಗ್ಗುಲಲ್ಲಿ ಮಲಗಲಿ ಎಂದು ಕೇಳುವ ಕರುವಿನ ಬಾಯಲ್ಲಿ ಆಮಿಷವಿಲ್ಲ, ಇರುವುದು ಹಕ್ಕು. ಮುಂದಿನ ಹಂತಗಳಲ್ಲೆಲ್ಲ ಈ ಕರುವನ್ನು ಮರೆಯದಿರಲು ಪ್ರಯತ್ನಿಸೋಣ.

ಹಂತ 1: ಋಣ ಎಲ್ಲಿ ಹುಟ್ಟಿತೆಂಬುದನ್ನು ಗುರುತಿಸಿ

ಬಿಡಬೇಕೆನ್ನುವವನ ಕಥೆಯನ್ನು ಹೇಳುವ ಮೊದಲು, ಅವನು ಹಿಡಿದುಕೊಂಡದ್ದು ಏಕೆಂಬುದು ಬರೆಯುವವರಿಗೆ ತಿಳಿದಿರಬೇಕು. ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೋ 1962ರಲ್ಲಿ ಸೃಷ್ಟಿಸಿದ ಮೊದಲ ಕಥೆಯಲ್ಲಿ ಪೀಟರ್‌ಗೆ ಶಕ್ತಿ ಬಂದದ್ದು ಜೇಡದ ಕಡಿತದಿಂದಲಾದರೂ, ಕರ್ತವ್ಯದ ಭಾರ ಬಂದದ್ದು ಒಂದು ಉದಾಸೀನದಿಂದ. ತನ್ನ ಕಣ್ಣೆದುರೇ ಓಡುತ್ತಿದ್ದ ಕಳ್ಳನನ್ನು ತನಗೇಕೆ ಎಂದು ಅವನು ಬಿಟ್ಟುಬಿಟ್ಟ. ಅದೇ ಕಳ್ಳ ಮುಂದೆ, ಪೀಟರ್‌ನನ್ನು ಸಾಕಿ ಬೆಳೆಸಿದ ಬೆನ್‌ನನ್ನು ಕೊಂದ. (ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸಿಬಿಡುವ ಈ ಸಂಬಂಧವನ್ನು ಕನ್ನಡದಲ್ಲಿ ನಿರ್ಧರಿಸಿಯೇ ಬರೆಯಬೇಕು. ಬೆನ್ ಪೀಟರ್‌ನ ತಂದೆಯ ಅಣ್ಣ. ಹಾಗಾಗಿ ಅವನು ದೊಡ್ಡಪ್ಪ, ಮೇ ದೊಡ್ಡಮ್ಮ.)

ಇಲ್ಲಿ ಗಮನಿಸಬೇಕಾದದ್ದು ಇದು: ಅವನ ಪರೋಪಕಾರ ಕೇವಲ ಒಳ್ಳೆಯತನವಲ್ಲ, ತೀರದ ಸಾಲದ ಮರುಪಾವತಿ. ಒಳ್ಳೆಯತನದಿಂದ ಮಾಡುವ ಕೆಲಸವನ್ನು ದಣಿವಾದಾಗ ನಿಲ್ಲಿಸಬಹುದು, ಸತ್ತವರಿಗೆ ಸಲ್ಲಿಸಬೇಕಾದ ಸಾಲವನ್ನು ಹಾಗೆ ನಿಲ್ಲಿಸಲಾಗುವುದಿಲ್ಲ. ಸಾಲ ತೀರಿತೆಂದು ಹೇಳಿ ಕಳುಹಿಸಬೇಕಾದವರೇ ಉಳಿದಿಲ್ಲ. ನಿಮ್ಮ ನಾಯಕನಿಗೂ ನಾಯಕಿಗೂ ಇಂಥ ಒಂದು ಮೂಲ ಘಟನೆಯನ್ನು ಬರೆದುಕೊಳ್ಳಿ. ಕಥೆಯಲ್ಲಿ ಅದು ಕಾಣಿಸಿಕೊಳ್ಳಲೇಬೇಕೆಂದೇನೂ ಇಲ್ಲ. ಆದರೆ ‘ಜನರಿಗೆ ಸಹಾಯ ಮಾಡಬೇಕೆಂಬ ಹಂಬಲ’ ಎಂದಷ್ಟೇ ನಿಮ್ಮ ಟಿಪ್ಪಣಿಯಲ್ಲಿದ್ದರೆ ಮುಂದಿನ ಹಂತಗಳು ನಿಲ್ಲಲಾರವು.

ಹಂತ 2: ತ್ಯಾಗದ ಖರ್ಚು ಯಾರ ಖಾತೆಯಿಂದ ಹೋಗುತ್ತಿದೆ ಎಂದು ಲೆಕ್ಕ ಬರೆಯಿರಿ

ಇದು ಇಡೀ ಕೆಲಸದ ಅತ್ಯಂತ ಮುಖ್ಯವಾದ ಹಂತ. ಇದಕ್ಕೆ ಹೆಚ್ಚು ಸಮಯ ಕೊಡಿ. ಒಂದು ಹಾಳೆಯಲ್ಲಿ ನಾಯಕನ ಜೀವನದ ಒಂದು ವಾರವನ್ನು ದಿನವಾರು ಬರೆದು, ಅವನು ಯಾರನ್ನೋ ಕಾಪಾಡಿದ ಪ್ರತಿ ಗಂಟೆಯ ಎದುರಿಗೆ ಆ ಗಂಟೆ ಯಾರಿಗೆ ಸೇರಬೇಕಾಗಿತ್ತೆಂದು ನಮೂದಿಸಿ.

2004ರ ಚಿತ್ರದ ಆರಂಭದ ಭಾಗ ಇಂಥ ಲೆಕ್ಕದ ಪುಸ್ತಕದಂತೆಯೇ ಇದೆ. ಪೀಟರ್ ಪಿಜ್ಜಾ ಅಂಗಡಿಯೊಂದರಲ್ಲಿ ಮನೆ ಮನೆಗೆ ಪಿಜ್ಜಾ ತಲುಪಿಸುವ ಕೆಲಸದಲ್ಲಿದ್ದಾನೆ. 29 ನಿಮಿಷದೊಳಗೆ ತಲುಪಿಸುತ್ತೇವೆಂಬುದು ಆ ಅಂಗಡಿಯ ಭರವಸೆ. ದಾರಿಯಲ್ಲಿ ಲಾರಿಯ ಮುಂದೆ ಬಂದ ಮಕ್ಕಳನ್ನು ಎತ್ತಿ ಬದುಕಿಸಿದ್ದರಿಂದ ತಡವಾಗುತ್ತದೆ, ಕೆಲಸ ಹೋಗುತ್ತದೆ. ಕಾಲೇಜಿನಲ್ಲಿ ತರಗತಿ ತಪ್ಪುತ್ತದೆ, ಬಾಡಿಗೆ ಬಾಕಿ ಬೀಳುತ್ತದೆ. ಅವನು ಪ್ರೀತಿಸುವ ಮೇರಿ ಜೇನ್ ಅಭಿನಯಿಸುತ್ತಿರುವ ನಾಟಕಕ್ಕೆ ಅವನು ಹೊರಡುವುದೇನೋ ನಿಜ, ಆದರೆ ತಲುಪುವಷ್ಟರಲ್ಲಿ ಬಾಗಿಲು ಹಾಕಿರುತ್ತದೆ, ಬಾಗಿಲಲ್ಲಿ ನಿಂತವನು ಒಳಗೆ ಬಿಡುವುದಿಲ್ಲ. ಒಳಗೆ ಅವನ ಕುರ್ಚಿ ಖಾಲಿಯಾಗಿಯೇ ಉಳಿಯುತ್ತದೆ. ಮನೆ ಸಾಲಕ್ಕೆ ಹೋಗಲಿರುವ ಮೇ ದೊಡ್ಡಮ್ಮ, ತನ್ನ ಬಳಿ ಇಲ್ಲದಿದ್ದರೂ, ಅವನ ಹುಟ್ಟುಹಬ್ಬಕ್ಕೆಂದು 20 ಡಾಲರ್‌ಗಳನ್ನು ಅವನ ಕೈಗೆ ತುರುಕುತ್ತಾಳೆ.

ಈ ಪಟ್ಟಿಯಲ್ಲಿ ಪೀಟರ್ ಕಳೆದುಕೊಂಡದ್ದು ಎಷ್ಟು, ಬೇರೆಯವರು ಕಳೆದುಕೊಂಡದ್ದು ಎಷ್ಟು ಎಂದು ಬೇರ್ಪಡಿಸಿ ನೋಡಿದರೆ ಚಿತ್ರಕಥೆಯ ಜಾಣ್ಮೆ ತಿಳಿಯುತ್ತದೆ. ಕೆಲಸ ಮತ್ತು ಅಂಕಗಳು ಅವನವು. ಅವನ್ನು ಕೊಡುವ ಅಧಿಕಾರ ಅವನಿಗಿದೆ. ಖಾಲಿ ಕುರ್ಚಿ ಮಾತ್ರ ಮೇರಿ ಜೇನ್‌ಳ ನಷ್ಟ, ಮತ್ತು ಆ ನಷ್ಟಕ್ಕೆ ಅವಳ ಒಪ್ಪಿಗೆಯನ್ನು ಯಾರೂ ಕೇಳಿಲ್ಲ. 1967ರ ಕಾಮಿಕ್ಸ್‌ನಲ್ಲಿಯೂ ಅವನನ್ನು ಕದಲಿಸುವುದು ದೊಡ್ಡಮ್ಮನ ಕಾಯಿಲೆಯೇ: ಅವಳು ಹಾಸಿಗೆ ಹಿಡಿದಾಗ ಪಕ್ಕದಲ್ಲಿರಬೇಕಾದವನು ಊರು ಕಾಯುತ್ತಿದ್ದ.

ನಿಮ್ಮ ಲೆಕ್ಕದಲ್ಲಿ ನಾಯಕನ ಸ್ವಂತ ನಷ್ಟಗಳೇ ತುಂಬಿದ್ದರೆ ಅವನು ಬಿಡಲು ಬಯಸುವುದು ಸ್ವಾರ್ಥವಾಗಿ ಕಾಣುತ್ತದೆ. ಪರರ ನಷ್ಟಗಳು ಕಾಣಿಸಿಕೊಂಡ ಕೂಡಲೇ, ಮುಂದುವರಿಯುವುದೇ ಒಂದು ಬಗೆಯ ಸ್ವಾರ್ಥವಲ್ಲವೇ ಎಂಬ ಸಂಶಯ ಓದುಗರ ಮನಸ್ಸಿನಲ್ಲಿ ಮೂಡುತ್ತದೆ. ಆ ಸಂಶಯ ಹುಟ್ಟುವವರೆಗೆ ಮೂರನೆಯ ಹಂತಕ್ಕೆ ಹೋಗಬೇಡಿ.

ಹಂತ 3: ಸಾಮಾನ್ಯ ಬದುಕನ್ನು ಸಣ್ಣ ವಸ್ತುಗಳಲ್ಲಿ ಕಟ್ಟಿ

‘ನೆಮ್ಮದಿಯ ಜೀವನ’, ‘ಪ್ರೀತಿಯ ಸಂಸಾರ’ ಮುಂತಾದ ಮಾತುಗಳಿಗೆ ಯಾರನ್ನೂ ಸೆಳೆಯುವ ಶಕ್ತಿ ಇರುವುದಿಲ್ಲ. ರೈಮಿಯ ಚಿತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿನಲ್ಲಿ ಉಳಿದಿರುವುದು ರೈಲಿನ ಕಾಳಗವಲ್ಲ, ಒಂದು ತುಂಡು ಚಾಕೊಲೇಟ್ ಕೇಕು. ತನಗೆ ಬೇಕಾದದ್ದು ತನಗೆ ಸಿಗಲೇಬಾರದೇ ಎಂದು ಪೀಟರ್ ತನ್ನ ಕೋಣೆಯಲ್ಲಿ ಒಬ್ಬನೇ ನಿಂತು ಕೇಳಿಕೊಳ್ಳುತ್ತಿರುವಾಗ ಬಾಡಿಗೆ ಮನೆಯ ಮಾಲೀಕನ ಮಗಳು ಬಾಗಿಲು ತಟ್ಟಿ, ಕೇಕು ತಿನ್ನುತ್ತೀಯಾ, ಜೊತೆಗೆ ಒಂದು ಲೋಟ ಹಾಲು ಕೊಡಲೇ ಎಂದು ಸಂಕೋಚದಿಂದ ಕೇಳುತ್ತಾಳೆ. ಆ ಹುಡುಗಿಗೆ ಅವನಿಂದ ಏನೂ ಆಗಬೇಕಾಗಿಲ್ಲ. ಇಡೀ ನಗರ ಅವನಿಂದ ಏನನ್ನಾದರೂ ಬೇಡುತ್ತಿರುವಾಗ, ಏನನ್ನೂ ಬೇಡದೆ ಎದುರಿಗೆ ಬಂದ ತಟ್ಟೆ ಅದೊಂದೇ. ಸಾಮಾನ್ಯ ಬದುಕಿನ ಸೆಳೆತವನ್ನು ಇದಕ್ಕಿಂತ ಕಡಿಮೆ ಮಾತಿನಲ್ಲಿ ಹೇಳಿದ ದೃಶ್ಯ ಈ ಬಗೆಯ ಚಿತ್ರಗಳಲ್ಲಿ ವಿರಳ.

ಇದರ ಇನ್ನೊಂದು ತುದಿಯನ್ನು ನೋಡಬೇಕಾದರೆ 1985ರ ಸೂಪರ್‌ಮ್ಯಾನ್ ವಾರ್ಷಿಕ ಸಂಚಿಕೆಗೆ ಬರಬೇಕು. ಆಲನ್ ಮೂರ್ ಬರೆದು ಡೇವ್ ಗಿಬ್ಬನ್ಸ್ ಚಿತ್ರಿಸಿದ ಆ ಕಥೆಯಲ್ಲಿ ಶತ್ರುವಾದ ಮಾಂಗಲ್ ಹುಟ್ಟುಹಬ್ಬದ ಉಡುಗೊರೆಯ ರೂಪದಲ್ಲಿ ಒಂದು ಬಳ್ಳಿಯನ್ನು ಕಳುಹಿಸುತ್ತಾನೆ. ಅದು ಎದೆಗೆ ಸುತ್ತಿಕೊಂಡು, ಹಿಡಿಸಿಕೊಂಡವನಿಗೆ ಅವನ ಮನಸ್ಸಿನ ಅತ್ಯಂತ ಆಳದ ಬಯಕೆಯನ್ನು ಕನಸಾಗಿ ಉಣಿಸುತ್ತದೆ. ಜಗತ್ತಿನಲ್ಲಿಯೇ ಬಲಶಾಲಿಯಾದವನ ಆಳದ ಬಯಕೆ ಏನೆಂದರೆ, ತಾನು ಹುಟ್ಟಿದ ಗ್ರಹ ನಾಶವಾಗದೆ ಉಳಿದಿರಬೇಕು, ಅಲ್ಲಿ ತಾನು ಯಾವ ವಿಶೇಷ ಶಕ್ತಿಯೂ ಇಲ್ಲದೆ, ದಿನದ ದುಡಿಮೆ ಮುಗಿಸಿ ಹೆಂಡತಿ ಮಕ್ಕಳ ಬಳಿಗೆ ಮರಳುವವನಾಗಿರಬೇಕು. ಆ ಕನಸಿನಿಂದ ಹೊರಬರಲು ಅವನು ತನ್ನ ಪುಟ್ಟ ಮಗನ ಮುಂದೆ ಮಂಡಿಯೂರಿ, ನೀನು ಹುಟ್ಟಿದಾಗ ನಾನು ಅಲ್ಲಿದ್ದೆ, ಆದರೂ ನೀನು ನಿಜವಲ್ಲವೆಂದು ನನಗೆ ಅನ್ನಿಸುತ್ತಿದೆ ಎಂಬರ್ಥದ ಮಾತು ಹೇಳಬೇಕಾಗುತ್ತದೆ. ಮಗು ಕನಸಿನದು ಎಂಬುದು ಓದುಗರಿಗೆ ಮೊದಲೇ ತಿಳಿದಿದ್ದರೂ ಆ ಪುಟ ನೋಯಿಸುತ್ತದೆ.

ಈ ಕಥೆಯಲ್ಲಿ ಕಲಿಯಬೇಕಾದ ಮತ್ತೊಂದು ಸೂಕ್ಷ್ಮವಿದೆ. ಆ ಕನಸಿನ ಊರು ಸ್ವರ್ಗವಲ್ಲ. ಗ್ರಹ ಸ್ಫೋಟಗೊಳ್ಳುತ್ತದೆಂದು ಭವಿಷ್ಯ ನುಡಿದು, ಅದು ಸುಳ್ಳಾದುದರಿಂದ ಮರ್ಯಾದೆ ಕಳೆದುಕೊಂಡ ತಂದೆ ಜೋರ್-ಎಲ್ ಕಹಿಯಾಗಿ ಬಾಳುತ್ತಿದ್ದಾನೆ, ಬೀದಿಗಳಲ್ಲಿ ಅಶಾಂತಿಯಿದೆ. ನಿಮ್ಮ ನಾಯಕನ ಮನೆಯಲ್ಲಿಯೂ ಜಗಳವಿರಲಿ, ಸೋರುವ ಮಾಡು ಇರಲಿ, ಸಂಬಳ ಸಾಲದಿರಲಿ. ಇವೆಲ್ಲ ಇದ್ದೂ ಅವನಿಗೆ ಅದೇ ಬೇಕೆನ್ನಿಸಿದರೆ ಓದುಗರು ನಂಬುತ್ತಾರೆ.

ಹಂತ 4: ಬಿಡುವ ಗಳಿಗೆಗೆ ಒಂದು ವಸ್ತುವನ್ನು ಕೊಡಿ

ಈ ಹಂತದಲ್ಲಿ ಹೇಳುವುದು ಹೆಚ್ಚಿಲ್ಲ. ನಿರ್ಧಾರವನ್ನು ಸ್ವಗತದಲ್ಲಿ ಬರೆಯದೆ ಕೈಗೆ ಸಿಗುವ ವಸ್ತುವಿನ ಮೂಲಕ ತೋರಿಸಿ. ಕಸದ ಡಬ್ಬಿಯಿಂದ ಹೊರಗೆ ಇಳಿಬಿದ್ದ ವೇಷಕ್ಕೆ ಮಾತು ಬೇಕಾಗಲಿಲ್ಲ. ಆ ವಸ್ತು ಮುಂದೆ ಬೇರೊಬ್ಬರ ಕೈ ಸೇರುವಂತಿರಲಿ. ಕಾಮಿಕ್ಸ್‌ನಲ್ಲಿ ಒಬ್ಬ ಹುಡುಗ, ಸಿನಿಮಾದಲ್ಲಿ ಕಸ ಎತ್ತುವವನು ಆ ವೇಷವನ್ನು ಪತ್ರಿಕೆಯ ಸಂಪಾದಕ ಜೇಮ್ಸನ್‌ನ ಬಳಿಗೆ ಒಯ್ಯುತ್ತಾರೆ; ಜೀವನವಿಡೀ ಸ್ಪೈಡರ್-ಮ್ಯಾನ್‌ನನ್ನು ಬಯ್ದವನ ಗೋಡೆಯ ಮೇಲೆ ಅದು ವಿಜಯದ ಗುರುತಾಗಿ ತೂಗುತ್ತದೆ. ಹಿಂದಿರುಗುವಾಗ ಅವನು ಅದನ್ನು ಅಲ್ಲಿಂದಲೇ ತರಬೇಕು.

ಶಕ್ತಿ ಕುಂದುವ ಪ್ರಸಂಗವನ್ನು ಸೇರಿಸುವುದಾದರೆ ಎಚ್ಚರ ವಹಿಸಿ. ಚಿತ್ರದಲ್ಲಿ ಪೀಟರ್‌ನ ಬಲೆ ನಡುಗಾಳಿಯಲ್ಲಿ ಕೈಕೊಡುತ್ತದೆ, ಕನ್ನಡಕ ಮತ್ತೆ ಬೇಕಾಗುತ್ತದೆ, ವೈದ್ಯರಿಗೆ ದೇಹದಲ್ಲಿ ಯಾವ ದೋಷವೂ ಕಾಣುವುದಿಲ್ಲ. ಮನಸ್ಸು ಒಪ್ಪದ ಕೆಲಸವನ್ನು ದೇಹವೇ ಮೊದಲು ನಿರಾಕರಿಸಿತೆಂಬ ಅರ್ಥದಲ್ಲಿ ಇದು ಒಪ್ಪುತ್ತದೆ. ಆದರೆ ಶಕ್ತಿ ಪೂರ್ತಿ ಹೋಗಿಬಿಟ್ಟರೆ ಬಿಡುವುದು ಆಯ್ಕೆಯಾಗಿ ಉಳಿಯದೆ ಅನಿವಾರ್ಯವಾಗುತ್ತದೆ, ಅಲ್ಲಿಗೆ ಸೆಳೆತದ ಕಥೆ ಮುಗಿದಂತೆ.

ಹಂತ 5: ಬಿಟ್ಟ ಮೇಲಿನ ಸುಖವನ್ನು ಜಿಪುಣತನವಿಲ್ಲದೆ ಬರೆಯಿರಿ

ನಾಯಕ ಕೈಬಿಟ್ಟ ಮರುಗಳಿಗೆಯಲ್ಲಿಯೇ ಊರಿಗೆ ಬೆಂಕಿ ಬಿದ್ದರೆ ಲೇಖಕರಿಗೆ ಭಯವಿದೆಯೆಂದು ತಿಳಿಯಬೇಕು: ಸುಖವನ್ನು ತೋರಿಸಿದರೆ ಓದುಗರೂ ಅದನ್ನೇ ಬಯಸಿಯಾರು ಎಂಬ ಭಯ. ಬಯಸಲಿ. ರೈಮಿಯ ಚಿತ್ರ ಇಲ್ಲಿ ನಿಂತು ಆನಂದಿಸುತ್ತದೆ: ಹಿನ್ನೆಲೆಯಲ್ಲಿ ಹಳೆಯ ಹಗುರವಾದ ಹಾಡೊಂದು ಕೇಳಿಸುತ್ತದೆ, ಪೀಟರ್ ಬೀದಿಯಲ್ಲಿ ನಗುತ್ತಾ ನಡೆಯುತ್ತಾನೆ, ತರಗತಿಯಲ್ಲಿ ಉತ್ತರ ಹೇಳುತ್ತಾನೆ, ಕೊನೆಗೂ ನಾಟಕಕ್ಕೆ ಹೋಗಿ ತನ್ನ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತಾನೆ. ಪೊಲೀಸ್ ವಾಹನ ಸೈರನ್ ಕೂಗುತ್ತಾ ಸಾಗಿದರೂ ಅವನು ತಿನ್ನುವುದನ್ನು ನಿಲ್ಲಿಸುವುದಿಲ್ಲ.

ಇದೇ ಬಿಡುವಿನಲ್ಲಿ ಅವನು ಇನ್ನೊಂದು ಕೆಲಸವನ್ನೂ ಮಾಡುತ್ತಾನೆ. ದೊಡ್ಡಪ್ಪನ ಸಾವಿಗೆ ತನ್ನ ಉದಾಸೀನವೂ ಕಾರಣವೆಂಬುದನ್ನು ದೊಡ್ಡಮ್ಮನ ಮುಂದೆ ಒಪ್ಪಿಕೊಳ್ಳುತ್ತಾನೆ. ವೇಷ ತೊಟ್ಟು ಊರಿನ ಕಳ್ಳರನ್ನೆಲ್ಲ ಹಿಡಿದವನಿಗೆ ಈ ಒಂದು ಮಾತನ್ನು ಮನೆಯ ಮೇಜಿನ ಮುಂದೆ ಕುಳಿತು ಹೇಳುವ ಧೈರ್ಯ ಇಷ್ಟು ದಿನ ಇರಲಿಲ್ಲ. ಅಂದರೆ ಸಾಮಾನ್ಯ ಬದುಕು ಅವನಿಗೆ ಸುಖವನ್ನಷ್ಟೇ ಅಲ್ಲ, ಸೂಪರ್‌ಹೀರೋ ಆಗಿ ಸಾಧ್ಯವಾಗದ ಒಂದು ಸತ್ಯವನ್ನೂ ಕೊಟ್ಟಿತು. ನಿಮ್ಮ ಕಥೆಯಲ್ಲಿಯೂ ವಿರಾಮದ ಕಾಲದಲ್ಲಿ ನಾಯಕ ಏನಾದರೊಂದನ್ನು ಸಂಪಾದಿಸಲಿ.

ಹಂತ 6: ಬಿರುಕನ್ನು ಖಳನಾಯಕನಿಂದ ತರಿಸಬೇಡಿ

ದೊಡ್ಡ ಖಳನಾಯಕ ಬಂದು ನಗರವನ್ನು ಹಿಡಿದಾಗ ನಾಯಕ ಎದ್ದು ನಿಲ್ಲುವುದು ಸುಲಭ. ಅಲ್ಲಿ ಯೋಚಿಸಲು ಏನೂ ಉಳಿಯುವುದಿಲ್ಲ. ಹೆಸರಿಲ್ಲದವರ ಸಣ್ಣ ಅಪಾಯಗಳೇ ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ. ಓಣಿಯೊಂದರಲ್ಲಿ ಯಾರನ್ನೋ ಹೊಡೆಯುತ್ತಿರುವುದನ್ನು ಕಂಡೂ ಪೀಟರ್ ಬೆನ್ನು ತಿರುಗಿಸಿ ಹೊರಟುಹೋಗುತ್ತಾನೆ. ಓದುಗರಿಗೆ 1962ರ ಕಳ್ಳ ನೆನಪಾಗಬೇಕಾದದ್ದು ಇಲ್ಲಿ, ಲೇಖಕರು ನೆನಪಿಸಬಾರದು.

ಅದಾದ ಮೇಲೆ ಬೆಂಕಿ ಹೊತ್ತಿಕೊಂಡ ಕಟ್ಟಡದ ದೃಶ್ಯ ಬರುತ್ತದೆ. ಶಕ್ತಿಯಿಲ್ಲ, ವೇಷವಿಲ್ಲ, ಆದರೂ ಪೀಟರ್ ಒಳಗೆ ನುಗ್ಗಿ ಪುಟ್ಟ ಹುಡುಗಿಯೊಬ್ಬಳನ್ನು ಹೊರತರುತ್ತಾನೆ, ಜನ ಮೆಚ್ಚುತ್ತಾರೆ. ಅಷ್ಟರಲ್ಲಿ ಅಗ್ನಿಶಾಮಕ ದಳದವನೊಬ್ಬ, ನಾಲ್ಕನೆಯ ಮಹಡಿಯಲ್ಲಿ ಸಿಕ್ಕಿಕೊಂಡವರೊಬ್ಬರು ಬದುಕಲಿಲ್ಲವೆಂದು ಇನ್ನೊಬ್ಬನಿಗೆ ಹೇಳುವುದು ಅವನ ಕಿವಿಗೆ ಬೀಳುತ್ತದೆ. ಆ ಮಾತನ್ನು ಅವನಿಗೆ ಹೇಳಿದ್ದಲ್ಲ, ಅವನನ್ನು ದೂರಿದ್ದೂ ಅಲ್ಲ. ಮುಖವಾಡವಿಲ್ಲದೆಯೂ ಅವನು ಓಡುತ್ತಾನೆಂಬುದು ಮತ್ತು ಮುಖವಾಡವಿಲ್ಲದೆ ಓಡುವುದು ಸಾಲದೆಂಬುದು, ಎರಡೂ ಈ ಒಂದೇ ದೃಶ್ಯದಲ್ಲಿ ತೀರ್ಮಾನವಾಗುತ್ತವೆ. ಕಾಮಿಕ್ಸ್‌ನಲ್ಲಿ ಈ ಕೆಲಸವನ್ನು ವಯಸ್ಸಾದ ಕಾವಲುಗಾರನೊಬ್ಬ ಮಾಡುತ್ತಾನೆ: ಅವನನ್ನು ಕಾಪಾಡಿದ ಮೇಲಷ್ಟೇ ಆ ಮುಖ ದೊಡ್ಡಪ್ಪನ ಮುಖದ ಹಾಗಿದೆಯೆಂದು ಪೀಟರ್‌ಗೆ ಹೊಳೆಯುತ್ತದೆ. ಮೊದಲ ಹಂತದಲ್ಲಿ ನೀವು ಬರೆದಿಟ್ಟುಕೊಂಡ ಋಣ ಇಲ್ಲಿ ಬಡ್ಡಿ ಸಮೇತ ಬಂದು ನಿಲ್ಲಬೇಕು.

ಹಂತ 7: ಮರಳುವುದು ಅಗ್ಗವಾಗದಿರಲಿ

ಅಗ್ಗದ ಮರಳುವಿಕೆಗೆ ಉದಾಹರಣೆ ಬೇಕಿದ್ದರೆ 1980ರ ಎರಡನೆಯ ‘ಸೂಪರ್‌ಮ್ಯಾನ್’ ಚಿತ್ರದ, ಚಿತ್ರಮಂದಿರಗಳಲ್ಲಿ ಬಿಡುಗಡೆಯಾದ ರೂಪವನ್ನು ನೋಡಬಹುದು. ತಾನು ಪ್ರೀತಿಸುವ ಲೋಯಿಸ್‌ಳೊಡನೆ ಬಾಳಲೆಂದು ಕ್ಲಾರ್ಕ್, ಅಂದರೆ ಸೂಪರ್‌ಮ್ಯಾನ್, ತನ್ನ ಶಕ್ತಿಯನ್ನೆಲ್ಲ ತೊರೆಯುತ್ತಾನೆ. ಹೋಟೆಲೊಂದರಲ್ಲಿ ಸಾಮಾನ್ಯ ಪುಂಡನೊಬ್ಬನಿಂದ ಹೊಡೆತ ತಿಂದು, ಮೊದಲ ಬಾರಿಗೆ ತನ್ನದೇ ರಕ್ತವನ್ನು ಕಾಣುತ್ತಾನೆ. ಅಲ್ಲಿಯವರೆಗೆ ಸೊಗಸಾದ ಕಥೆ. ಆದರೆ ಮುಂದೆ ಹಸಿರು ಸ್ಫಟಿಕವೊಂದರ ನೆರವಿನಿಂದ ತೊರೆದದ್ದೆಲ್ಲ ಮರಳಿ ಬರುತ್ತದೆ, ಕೊನೆಯಲ್ಲಿ ಒಂದು ಮುತ್ತಿನಿಂದ ಲೋಯಿಸ್‌ಳ ನೆನಪೂ ಅಳಿಸಿಹೋಗುತ್ತದೆ. ಅವಳು ತೆತ್ತ ಬೆಲೆಯನ್ನು ಅವಳಿಗೇ ತಿಳಿಯದಂತೆ ಮಾಡಿ ಕಥೆಯನ್ನು ಮುಗಿಸಿದ್ದು ನನಗೆ ಇಂದಿಗೂ ಸಮಾಧಾನ ತಂದಿಲ್ಲ. ಕರುವಿಗೆ ತಾಯಿಯ ನೆನಪೇ ಇಲ್ಲದಂತೆ ಮಾಡಿದರೆ ಪುಣ್ಯಕೋಟಿಯ ಹಾಡಿನಲ್ಲಿ ಉಳಿಯುವುದು ಹಸು ಮತ್ತು ಹುಲಿಯ ಒಪ್ಪಂದ ಮಾತ್ರ.

ಮರಳುವ ದೃಶ್ಯವನ್ನು ಬರೆಯುವಾಗ ಎರಡು ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಲಿ. ಅವನು ಈಗ ಕೊಡುತ್ತಿರುವುದು ಮೊದಲು ಕೊಟ್ಟದ್ದಕ್ಕಿಂತ ಹೇಗೆ ಬೇರೆ? ಮೊದಲು ಅವನು ಸುಖದ ರುಚಿ ನೋಡಿರಲಿಲ್ಲ, ಈಗ ನೋಡಿದ್ದಾನೆ; ಆದ್ದರಿಂದ ಅದೇ ತ್ಯಾಗದ ತೂಕ ಹೆಚ್ಚಾಗಿದೆ. ಅವನ ಕಡೆಯವರಲ್ಲಿ ಯಾರಾದರೂ ಈ ಬಾರಿ ತಿಳಿದು ಒಪ್ಪಿದರೇ? ಚಿತ್ರದಲ್ಲಿ ಮೇ ದೊಡ್ಡಮ್ಮ, ತನ್ನ ಸಾಮಾನು ಸರಂಜಾಮುಗಳನ್ನು ಕಟ್ಟಿಟ್ಟು ಮನೆ ಖಾಲಿ ಮಾಡುತ್ತಿರುವಾಗ, ನೆರೆಮನೆಯ ಹುಡುಗನೊಬ್ಬ ಆ ವೀರನಂತೆ ಆಗಬಯಸುತ್ತಾನೆಂದೂ, ಕೆಲವೊಮ್ಮೆ ನಮಗೆ ಬಲು ಪ್ರಿಯವಾದದ್ದನ್ನೇ ಬಿಟ್ಟುಕೊಡಬೇಕಾಗುತ್ತದೆಂದೂ ಹೇಳುತ್ತಾಳೆ. ಅವಳಿಗೆ ಗುಟ್ಟು ತಿಳಿದಿದೆಯೋ ಇಲ್ಲವೋ ಎಂಬುದನ್ನು ಚಿತ್ರ ಬಾಯಿಬಿಟ್ಟು ಹೇಳುವುದಿಲ್ಲ. ಆ ಮಾತು ಬೋಧನೆಯಂತೆ ಕೇಳಿಸುವುದು ನಿಜ, ಆದರೂ ಅದು ನಿಲ್ಲುವುದು ಹೇಳುತ್ತಿರುವವಳು ಮನೆ ಕಳೆದುಕೊಂಡವಳು ಎಂಬ ಕಾರಣದಿಂದ.

ಮುಂದೆ ರೈಲನ್ನು ನಿಲ್ಲಿಸಿ ಪ್ರಜ್ಞೆ ತಪ್ಪಿದವನನ್ನು ಪ್ರಯಾಣಿಕರು ತಲೆಯ ಮೇಲಿಂದ ಕೈಯಿಂದ ಕೈಗೆ ದಾಟಿಸಿ ಮಲಗಿಸುತ್ತಾರೆ. ಮುಖವಾಡವಿಲ್ಲದ ಮುಖವನ್ನು ನೋಡಿ, ಇವನಿನ್ನೂ ಹುಡುಗ, ನನ್ನ ಮಗನಿಗಿಂತ ದೊಡ್ಡವನಲ್ಲ ಎಂದು ಒಬ್ಬಾತ ಬೆರಗಾಗುತ್ತಾನೆ. ಇಬ್ಬರು ಮಕ್ಕಳು ಮುಖವಾಡವನ್ನು ಹಿಂದಿರುಗಿಸಿ, ಯಾರಿಗೂ ಹೇಳುವುದಿಲ್ಲವೆನ್ನುತ್ತಾರೆ. ಪಡೆದವರು ಕೊಟ್ಟವನ ಮುಖವನ್ನು ನೋಡುವ ಇಂಥ ಒಂದು ಗಳಿಗೆಯಾದರೂ ನಿಮ್ಮ ಕಥೆಯಲ್ಲಿರಲಿ.

ಹಂತ 8: ಕನ್ನಡದಲ್ಲಿ ಬರೆಯುವಾಗ ಬದಲಾಗುವ ಸಂಗತಿಗಳು

ನ್ಯೂಯಾರ್ಕಿನ ಪೀಟರ್ ಒಂಟಿ ಕೋಣೆಯಲ್ಲಿ ವಾಸಿಸುತ್ತಾನೆ. ರಾತ್ರಿ ಎರಡು ಗಂಟೆಗೆ ಕಿಟಕಿಯಿಂದ ಒಳಗೆ ಬಂದರೂ ಕೇಳುವವರಿಲ್ಲ. ನಮ್ಮ ಕಥೆಯ ನಾಯಕನಿಗೆ ಆ ಸೌಕರ್ಯವಿಲ್ಲ. ಊಟ ಬಡಿಸಲು ಕಾದು ಕುಳಿತ ಅಮ್ಮ, ತಂಗಿಯ ಮದುವೆಯ ಸಾಲ, ಗೃಹಪ್ರವೇಶಕ್ಕೆ ಬರಲಿಲ್ಲವೆಂದು ಮಾತು ಬಿಟ್ಟ ಸೋದರಮಾವ, ಇವರೆಲ್ಲ ಇರುವ ಮನೆಯಲ್ಲಿ ಗುಟ್ಟು ಉಳಿಯುವುದು ಕಷ್ಟ. ಅದೇ ಕಾರಣಕ್ಕೆ ಎರಡನೆಯ ಹಂತದ ಲೆಕ್ಕದಲ್ಲಿ ಪಾಲುದಾರರೂ ಹೆಚ್ಚು. ಇದನ್ನು ಅಡಚಣೆಯೆಂದು ನೋಡದೆ ಬಂಡವಾಳವೆಂದು ನೋಡಿ.

ಇನ್ನೊಂದು ಅನುಕೂಲವನ್ನು ಭಾಷೆಯೇ ಕೊಟ್ಟಿದೆ. ಮುಖವಾಡ ತೊಟ್ಟವನನ್ನು ಊರು ‘ನೀವು’ ಎನ್ನುತ್ತದೆ, ಕೈಮುಗಿಯುತ್ತದೆ, ದೇವರ ಹಾಗೆ ಬಂದಿರಿ ಎನ್ನುತ್ತದೆ. ಮನೆಯಲ್ಲಿ ಅದೇ ಮನುಷ್ಯನಿಗೆ, ‘ಎಲ್ಲಿಗೆ ಹಾಳಾಗಿ ಹೋಗಿದ್ದೆಯೋ, ಸಾರು ಆರಿಹೋಯಿತು’ ಎಂದು ಏಕವಚನದ ಸ್ವಾಗತ ಸಿಗುತ್ತದೆ. ಅವನ ಹಂಬಲವಿಡೀ ಈ ‘ನೀನು’ ಎಂಬ ಪದದೊಳಗೆ ಇದೆಯೆಂದರೆ ತಪ್ಪಾಗದು. ಸಂಭಾಷಣೆ ಬರೆಯುವಾಗ ಯಾರು ಯಾವಾಗ ಯಾವ ವಚನದಲ್ಲಿ ಮಾತನಾಡಿಸುತ್ತಾರೆಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಗುಟ್ಟು ತಿಳಿದ ದಿನ ಹೆಂಡತಿಯೋ ತಂಗಿಯೋ ಅರಿವಿಲ್ಲದೆ ಬಹುವಚನಕ್ಕೆ ಜಾರಿದರೆ, ಅವನು ಕಳೆದುಕೊಂಡದ್ದೇನೆಂದು ವಿವರಿಸುವ ಒಂದು ಪುಟ ಉಳಿತಾಯವಾಗುತ್ತದೆ.

ಹಂತ 9: ಕೊನೆಯ ದೃಶ್ಯವನ್ನು ಯಾರ ಮುಖದ ಮೇಲೆ ನಿಲ್ಲಿಸಬೇಕು

ರೈಮಿಯ ಚಿತ್ರದಲ್ಲಿ ಮೇರಿ ಜೇನ್ ತನ್ನ ಮದುವೆಯನ್ನು ಬಿಟ್ಟು, ಮದುವಣಗಿತ್ತಿಯ ಉಡುಪಿನಲ್ಲಿಯೇ ಪೀಟರ್‌ನ ಬಾಗಿಲಿಗೆ ಓಡಿ ಬರುತ್ತಾಳೆ. ಅಪಾಯವನ್ನು ತಿಳಿದೇ ಆರಿಸಿಕೊಳ್ಳುತ್ತಿದ್ದೇನೆ ಎನ್ನುತ್ತಾಳೆ. ಇಡೀ ಕಥೆಯಲ್ಲಿ ಯಾರೂ ಕೇಳದೆ ಉಳಿದ ಒಪ್ಪಿಗೆಯನ್ನು ಅವಳೇ ತಂದುಕೊಟ್ಟಂತಾಯಿತು. ಆಗಲೇ ಸೈರನ್ ಕೇಳಿಸುತ್ತದೆ. ಹೋಗು ಎಂದು ಅವಳೇ ಕಳುಹಿಸುತ್ತಾಳೆ, ಅವನು ಕಟ್ಟಡಗಳ ನಡುವೆ ಹಾರುತ್ತಾ ಸಂಭ್ರಮಿಸುತ್ತಾನೆ. ಚಿತ್ರ ಮುಗಿಯುವುದು ಆ ಸಂಭ್ರಮದಲ್ಲಲ್ಲ, ಕಿಟಕಿಯಲ್ಲಿ ನಿಂತು ನೋಡುತ್ತಿರುವ ಅವಳ ಮುಖದ ಮೇಲೆ. ನಗು ನಿಧಾನವಾಗಿ ಇಳಿದು ಅಲ್ಲಿ ಆತಂಕ ಉಳಿಯುತ್ತದೆ.

ನಿಮ್ಮ ಕರಡು ಮುಗಿದ ಮೇಲೆ ಒಂದು ಕೆಲಸ ಮಾಡಿ. ಎರಡನೆಯ ಹಂತದ ಲೆಕ್ಕದಲ್ಲಿ ಅತಿ ಹೆಚ್ಚು ಕಳೆದುಕೊಂಡವರು ಯಾರೋ, ಅವರ ಬಾಯಲ್ಲಿ ಇದೇ ಕಥೆಯನ್ನು ಒಂದೇ ಪುಟದಲ್ಲಿ ಹೇಳಿಸಿ. ಕಥೆಯೊಳಗೆ ಆ ಪುಟವನ್ನು ಸೇರಿಸಬೇಕಾಗಿಲ್ಲ. ಆದರೆ ಅದನ್ನು ಬರೆದ ಮೇಲೆ, ನಿಮ್ಮ ನಾಯಕ ಮನೆ ಬಿಟ್ಟು ಹೊರಡುವ ದೃಶ್ಯವನ್ನು ಮತ್ತೊಮ್ಮೆ ಓದಿ. ಅವನು ಹಿಂದಿರುಗಿ ನೋಡದೆ ಹೊರಟಿದ್ದರೆ, ಆ ದೃಶ್ಯವನ್ನು ಹೊಸದಾಗಿ ಬರೆಯಿರಿ.